ಫೋಟೊದಲ್ಲಿರುವ ಬೆಟ್ಟ ಯಾವುದು?

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾವು ನಾಲ್ವರು ಬೆಂಗಳೂರಿನಿಂದ ಮಾಗಡಿ, ಸೋಲೂರು, ದಾಬಸ್‌ಪೇಟೆ ಸುತ್ತಿಕೊಂಡು ಸೈಕಲ್‌ನಲ್ಲಿ ಬಂದೆವು. ಮಾಗಡಿ ದಾಟಿದ ಮೇಲೆ ಬೆಳಿಗ್ಗೆ 8ರ ಸುಮಾರಿಗೆ ತೆಗೆದ ಫೋಟೊದಲ್ಲಿ ದೂರಕ್ಕೆ ಒಂಟಿ ಬೆಟ್ಟವೊಂದು ಕಾಣುತ್ತದೆ. ಗೆಳೆಯ ಸಾವನದುರ್ಗ ಎನ್ನುತ್ತಾನೆ, ನನಗೆ ಶಿವಗಂಗೆ ಅನಿಸುತ್ತದೆ. ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂದದ್ದು. ಎಲ್ಲಿ ನಿಂತು ತೆಗೆದದ್ದೆಂದು ಯಾರಿಗೂ ನೆನಪಿಲ್ಲ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಶಿವಗಂಗೆಯೇ. ಇದನ್ನು ಬೆಟ್ಟದ ಆಕಾರ ನೋಡಿ ಹೇಳುತ್ತಿಲ್ಲ, ರಸ್ತೆಯ ಮೇಲೆ ಬಿದ್ದಿರುವ ಸೈಕಲ್ ನೆರಳು ನೋಡಿ ಹೇಳುತ್ತಿದ್ದೇವೆ.

ನೆರಳು ಎಡಕ್ಕೆ, ತುಸು ಮುಂದಕ್ಕೆ ಚಾಚಿದೆ. ಡಿಸೆಂಬರ್ ಬೆಳಗಿನ 8ಕ್ಕೆ ನಮ್ಮ ಕಡೆ ಸೂರ್ಯ ಪೂರ್ವಕ್ಕಿಂತ ಸುಮಾರು 30 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಅಂದರೆ ಬಿಸಿಲು ಬಂದದ್ದು ಬಲಗಡೆಯ ಹಿಂಬದಿಯಿಂದ, ಕ್ಯಾಮೆರಾ ಉತ್ತರಕ್ಕೆ ಮುಖ ಮಾಡಿತ್ತು. ಮಾಗಡಿಯಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕಿರುವುದು ಶಿವಗಂಗೆ. ಸಾವನದುರ್ಗ ಇರುವುದು ಮಾಗಡಿಯ ಆಗ್ನೇಯಕ್ಕೆ. ಆ ಹೊತ್ತಿನಲ್ಲಿ ಅದನ್ನು ತೆಗೆದಿದ್ದರೆ ಸೂರ್ಯ ಎದುರಿಗೇ ಇದ್ದು, ಬೆಟ್ಟ ಕಪ್ಪಗೆ ಕಂಡು, ನೆರಳು ನಿಮ್ಮ ಕಾಲ ಬಳಿಗೆ ಬರುತ್ತಿತ್ತು. ನಿಮ್ಮ ಫೋಟೊದಲ್ಲಿ ಬಂಡೆಯ ಬಲ ಮಗ್ಗುಲು ಹೊಳೆಯುತ್ತಿದೆ.

ಈ ಲೆಕ್ಕವನ್ನು ಬೇಸಿಗೆಯಲ್ಲಿ ಹೀಗೆಯೇ ಬಳಸಬೇಡಿ. ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕಿರುತ್ತಾನೆ ಎಂಬ ಮಾತು ಯುರೋಪಿಗೆ ಸರಿ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ.

ನಿಂತ ಜಾಗ ಹುಡುಕಲು ಫೋಟೊ ತೆಗೆದವರ ಫೋನಿನಲ್ಲಿರುವ ಮೂಲ ಪ್ರತಿಯೇ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಕ್ಯಾಮೆರಾದ ಲೊಕೇಶನ್ ಆಫ್ ಆಗಿತ್ತೇ? ಹಾಗಿದ್ದರೂ ತೆಗೆದ ಸಮಯ ಉಳಿದಿರುತ್ತದೆ. ನಾಲ್ವರಲ್ಲಿ ಒಬ್ಬರಾದರೂ ಸವಾರಿಯನ್ನು ಸ್ಟ್ರಾವಾ ಆ್ಯಪ್‌ನಲ್ಲಿ ದಾಖಲಿಸಿದ್ದರೆ ಅದರ ಜಿಪಿಎಕ್ಸ್ ಫೈಲ್ (ಯಾವ ಹೊತ್ತಿಗೆ ಎಲ್ಲಿದ್ದಿರೆಂಬ ದಾಖಲೆ) ತೆಗೆದು, ಅದೇ ನಿಮಿಷಕ್ಕೆ ಎಲ್ಲಿದ್ದಿರೆಂದು ನೋಡಿ. ಇಲ್ಲಿ ಬಹಳ ಜನ ಎಡವುತ್ತಾರೆ: ಫೈಲಿನೊಳಗಿನ ಸಮಯ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಫೋಟೊ 8.10ರದ್ದಾದರೆ ಫೈಲಿನಲ್ಲಿ 02:40 ಹುಡುಕಬೇಕು.

ಜಾಗ ಸಿಕ್ಕಿತೆಂದರೆ ಗೂಗಲ್ ಅರ್ಥ್‌ನಲ್ಲಿ ಅಲ್ಲಿಂದ ಬೆಟ್ಟದ ತುದಿಗೆ ಗೆರೆ ಎಳೆದು ದಿಕ್ಕು, ದೂರ ಎರಡನ್ನೂ ಅಳೆಯಿರಿ. ಗಾತ್ರ ತಾಳೆಯಾಗುತ್ತದೆಯೇ ಎಂದೂ ನೋಡಬಹುದು. ಫೋನಿನ ಮುಖ್ಯ ಲೆನ್ಸ್ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 26 ಮಿ.ಮೀ. ಲೆನ್ಸಿಗೆ ಸಮವಾಗಿದ್ದು, ಅಡ್ಡ ಹಿಡಿದ ಫೋಟೊ 4000 ಪಿಕ್ಸೆಲ್ ಅಗಲವಿದ್ದರೆ, ಬಯಲಿನಿಂದ 400 ಮೀಟರ್ ಏಳುವ ಬೆಟ್ಟ 10 ಕಿ.ಮೀ. ದೂರದಿಂದ ಸುಮಾರು 120 ಪಿಕ್ಸೆಲ್ ಎತ್ತರ ಕಾಣಬೇಕು, 20 ಕಿ.ಮೀ.ಗೆ 60. ಕಣ್ಣಿಗೆ ಭವ್ಯವಾಗಿ ಕಂಡದ್ದು ಫೋಟೊದಲ್ಲಿ ಬೆರಳುಗುರಿನಷ್ಟಾಗುವುದು ಇದಕ್ಕೇ. ಕತ್ತರಿಸಿದ ಅಥವಾ ವಾಟ್ಸ್ಆ್ಯಪ್ ಕುಗ್ಗಿಸಿದ ಪ್ರತಿಯಲ್ಲಿ ಈ ಅಳತೆ ಬೇಡ.

ಆಕಾರವನ್ನು ಕೊನೆಗೆ ನೋಡಿ ಅನ್ನುವುದಕ್ಕೆ ಶಿವಗಂಗೆಗಿಂತ ಒಳ್ಳೆಯ ಉದಾಹರಣೆ ಸಿಗದು. ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣಪತಿ, ಉತ್ತರದಿಂದ ಸರ್ಪ, ದಕ್ಷಿಣದಿಂದ ಲಿಂಗ ಎಂದು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ತುಮಕೂರು ರಸ್ತೆಯಿಂದ ನೋಡಿ ಪರಿಚಯವಾದ ಬೆಟ್ಟ ಮಾಗಡಿ ಕಡೆಯಿಂದ ಗುರುತು ಸಿಗದಿದ್ದರೆ ನಿಮ್ಮ ಗೆಳೆಯನ ತಪ್ಪೇನಲ್ಲ.

ಪ್ರಶ್ನೆ: ಶಿಖರದ ಹೆಸರು ತೋರಿಸುವ ಆ್ಯಪ್‌ಗಳನ್ನು ನಂಬಬಹುದೇ? ಮುಂದಿನ ಸಲ ಫೋಟೊ ಹೇಗೆ ತೆಗೆಯಬೇಕು?

ಉತ್ತರ: ಹಿಮಾಲಯದಲ್ಲಿ ಧಾರಾಳವಾಗಿ ಬಳಸಿ. ನಮ್ಮ ಬಯಲುಸೀಮೆಯ ಬಂಡೆಬೆಟ್ಟಗಳಲ್ಲಿ ಎರಡು ತೊಡಕಿವೆ. ಎಷ್ಟೋ ಗುಡ್ಡಗಳ ಹೆಸರೇ ನಕ್ಷೆಗೆ ಏರಿಲ್ಲ, ಆಗ ಆ್ಯಪ್ ಹಿಂದಿನ ದೊಡ್ಡ ಬೆಟ್ಟದ ಹೆಸರನ್ನು ಅದಕ್ಕೆ ಅಂಟಿಸಿದಂತೆ ಕಾಣುತ್ತದೆ. ಜೊತೆಗೆ, ಉಪಗ್ರಹದ ಎತ್ತರದ ಲೆಕ್ಕ ಸಾಮಾನ್ಯವಾಗಿ 30 ಮೀಟರಿಗೊಂದು, ಹಾಗಾಗಿ ಕಡಿದಾದ ಕೋಡುಗಲ್ಲು ಪರದೆಯ ಮೇಲೆ ಸವೆದು ದಿಬ್ಬವಾಗುತ್ತದೆ. ಫೋನ್ ಸ್ಟ್ಯಾಂಡಿನಲ್ಲೋ ಕವರಿನಲ್ಲೋ ಅಯಸ್ಕಾಂತವಿದ್ದರೆ ದಿಕ್ಸೂಚಿಯೂ ದಾರಿ ತಪ್ಪುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದು ತೆಗೆಯಿರಿ.

ಒಂದೇ ಬೆಟ್ಟವನ್ನು ಎರಡು ಜಾಗದಿಂದ ತೆಗೆದು, ನಕ್ಷೆಯಲ್ಲಿ ಎರಡೂ ಕಡೆಯಿಂದ ಕ್ಯಾಮೆರಾದ ದಿಕ್ಕಿಗೆ ಗೆರೆ ಎಳೆದರೆ ಅವು ಕೂಡುವಲ್ಲಿ ಬೆಟ್ಟ ಸಿಗುತ್ತದೆ. ಆದರೆ ರಸ್ತೆ ಬೆಟ್ಟದ ಕಡೆಗೇ ಸಾಗುತ್ತಿದ್ದರೆ, ಮಾಗಡಿ–ಸೋಲೂರು ರಸ್ತೆಯಲ್ಲಿ ಶಿವಗಂಗೆಗೆ ಹೇಗೋ ಹಾಗೆ, ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಬೆಟ್ಟಕ್ಕೆ ಅಡ್ಡಲಾಗಿ ಹೋಗುವ ರಸ್ತೆಯಲ್ಲಿ ಒಂದೆರಡು ಕಿ.ಮೀ. ಅಂತರದಲ್ಲಿ ತೆಗೆಯಿರಿ. ಜೊತೆಗೆ ಹತ್ತಿರದ ಕಿಲೋಮೀಟರ್ ಕಲ್ಲಿನದೂ ಒಂದಿರಲಿ: ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ.