ಅಮೆರಿಕದ ಹಳ್ಳಿಗಾಡಿನ ಪತ್ರಿಕೆಗಳು ವಾರಕ್ಕೊಮ್ಮೆ ಮಾತ್ರ ಯಾಕೆ ಬರುತ್ತಿದ್ದವು?

ಸುದ್ದಿ ಕಡಿಮೆ ಇತ್ತು ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಅದೂ ಸರಿಯೇ, ಆದರೆ ನನ್ನ ಪ್ರಕಾರ ಕಷ್ಟ ಇದ್ದದ್ದು ಕೆಲಸದಲ್ಲಿ. ಎಷ್ಟೋ ಕಡೆ ಮಾಲೀಕನೇ ಸಂಪಾದಕ, ಅಚ್ಚುಮೊಳೆ ಜೋಡಿಸುವವನೂ ಅವನೇ. ಒಂದೊಂದೇ ಸೀಸದ ಅಕ್ಷರ ಆರಿಸಿ ಸಾಲು ಕಟ್ಟಬೇಕು, ಅಚ್ಚಾದ ಮೇಲೆ ಮಸಿ ತೊಳೆದು, ಬಿಡಿಸಿ, ಪ್ರತಿಯೊಂದನ್ನೂ ಅದರದೇ ಖಾನೆಗೆ ಹಾಕಬೇಕು, ಇಲ್ಲದಿದ್ದರೆ ಮುಂದಿನ ಸಂಚಿಕೆಗೆ ಅಕ್ಷರಗಳೇ ಸಾಲುತ್ತಿರಲಿಲ್ಲ.

ಜೊತೆಗೆ 1851ರ ಅಂಚೆ ಕಾನೂನು ವಾರಪತ್ರಿಕೆಗಳಿಗೆ ಅವುಗಳ ಕೌಂಟಿಯೊಳಗೆ (ನಮ್ಮ ಜಿಲ್ಲೆಯಂಥದ್ದು) ಅಂಚೆ ವೆಚ್ಚವನ್ನೇ ತೆಗೆದುಹಾಕಿತು. ಸಣ್ಣ ಪತ್ರಿಕೆಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು, ಅಲ್ವಾ?

ನನಗೆ ಮಜಾ ಅನಿಸುವುದು 1861ರ ಕಥೆ. ಅಂತರ್ಯುದ್ಧ ಶುರುವಾಗಿ, ವಿಸ್ಕಾನ್ಸಿನ್‌ನ ಬಾರಾಬೂ ಊರಿನ ಎ. ಎನ್. ಕೆಲಾಗ್ ಅವರ ಪತ್ರಿಕೆಯ ಕೆಲಸಗಾರ ಸೈನ್ಯ ಸೇರಿಬಿಟ್ಟ. ಕೆಲಾಗ್ ಸುಮ್ನೆ ಕೂರಲಿಲ್ಲ. ಆ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಿಂದ ಒಂದು ಮಗ್ಗುಲು ಅಚ್ಚಾಗಿದ್ದ ಹಾಳೆ ತರಿಸಿ, ಖಾಲಿ ಮಗ್ಗುಲಲ್ಲಿ ಊರಿನ ಸುದ್ದಿ ಹಾಕಿದರು. 1865ರಲ್ಲಿ ಷಿಕಾಗೊದಲ್ಲಿ ಇಂಥ ಹಾಳೆಗಳನ್ನು ಬೇರೆ ಪತ್ರಿಕೆಗಳಿಗೆ ಮಾರುವುದನ್ನೇ ವ್ಯಾಪಾರ ಮಾಡಿಕೊಂಡರು. ಈ ಪದ್ಧತಿ 1952ರವರೆಗೂ ನಡೆಯಿತು. ಹಾಗಾಗಿ ಎಲ್ಲೋ ದೂರದೂರದ ಊರುಗಳ "ನಮ್ಮೂರ ಪತ್ರಿಕೆ"ಗಳಲ್ಲಿ ಅರ್ಧದಷ್ಟು ಪುಟಗಳು ಒಂದೇ ಥರ ಇರುತ್ತಿದ್ದವು!