ಲ್ಯಾಟಿನ್ ಭೂತಕಾಲಕ್ಕೆ ಸಂಸ್ಕೃತದ ಯಾವ ಲಕಾರ ಸಮ?

ಪ್ರಶ್ನೆ: ಸಂಸ್ಕೃತದಲ್ಲಿ ಎಂ.ಎ. ಮುಗಿಸಿ ಈಗ ಲ್ಯಾಟಿನ್ ಕಲಿಯುತ್ತಿದ್ದೇನೆ. ನೆನಪಿಟ್ಟುಕೊಳ್ಳಲು ಸುಲಭವಾಗಲೆಂದು ಲ್ಯಾಟಿನ್ನಿನ ‘ಪರ್ಫೆಕ್ಟ್’ ರೂಪವನ್ನು ಲಿಟ್ ಎಂದೂ ‘ಇಂಪರ್ಫೆಕ್ಟ್’ ರೂಪವನ್ನು ಲಙ್ ಎಂದೂ ಗುರುತು ಮಾಡಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಬರೆದ ಸಂಸ್ಕೃತ ವ್ಯಾಕರಣಗಳಲ್ಲಿಯೂ ಈ ಲಕಾರಗಳಿಗೆ, ಎಂದರೆ ಕಾಲ ಮೊದಲಾದವನ್ನು ತೋರುವ ಕ್ರಿಯಾರೂಪಗಳಿಗೆ, ಅವೇ ಹೆಸರುಗಳಿವೆ. ಈ ಹೊಂದಾಣಿಕೆ ಸರಿಯೇ? ನಮ್ಮ ಆತ್ಮನೇಪದಕ್ಕೆ ಸಮನಾದದ್ದು ಲ್ಯಾಟಿನ್ನಿನಲ್ಲಿ ಉಂಟೇ?

ಉತ್ತರ: ರೂಪಗಳ ಹುಟ್ಟನ್ನು ನೋಡಿದರೆ ನಿಮ್ಮ ಗುರುತು ಅರ್ಧ ಸರಿ, ಅರ್ಥವನ್ನು ನೋಡಿದರೆ ಅದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಇದನ್ನು ಎಲ್ಲರಿಗೂ ಗೊತ್ತಿರುವ ಒಂದು ವಾಕ್ಯದಿಂದಲೇ ಪರೀಕ್ಷಿಸಬಹುದು. ಕ್ರಿ.ಪೂ. 47ರಲ್ಲಿ ಜೇಲಾ ಎಂಬಲ್ಲಿ ಪೊಂಟಸ್‌ನ ದೊರೆಯನ್ನು ಸೋಲಿಸಿದ ಜೂಲಿಯಸ್ ಸೀಸರ್ ಆ ಗೆಲುವನ್ನು ‘ವೇನೀ, ವೀದೀ, ವೀಕೀ’ ಎಂಬ ಮೂರೇ ಪದಗಳಲ್ಲಿ ಹೇಳಿದನೆಂದು ಪ್ರಸಿದ್ಧಿ: ಬಂದೆ, ಕಂಡೆ, ಗೆದ್ದೆ. ಮೂರೂ ಪರ್ಫೆಕ್ಟ್ ರೂಪಗಳು. ನಿಮ್ಮ ಗುರುತಿನಂತೆ ಇವನ್ನು ‘ಆಜಗಾಮ, ದದರ್ಶ, ಜಿಗಾಯ’ ಎಂದು ಅನುವಾದಿಸಿದರೆ ಪಾಣಿನಿಯನ್ನು ಓದಿದವರ ಕಿವಿಗೆ ಅದು ‘ಬಂದೆನಂತೆ, ಕಂಡೆನಂತೆ, ಗೆದ್ದೆನಂತೆ’ ಎಂದು ಕೇಳಿಸುತ್ತದೆ.

ಕಾರಣ ‘ಪರೋಕ್ಷೇ ಲಿಟ್’ ಎಂಬ ಸೂತ್ರದಲ್ಲಿದೆ. ಭೂತಕಾಲದ ಮೂರು ಲಕಾರಗಳನ್ನು ಹಂಚುವಾಗ ಪಾಣಿನಿ ನೋಡುವುದು ಕ್ರಿಯೆ ಹೇಗೆ ನಡೆಯಿತು ಎಂಬುದನ್ನಲ್ಲ, ಹೇಳುವವನು ಆ ಕ್ರಿಯೆಗೆ ಎಷ್ಟು ಹತ್ತಿರದಲ್ಲಿದ್ದಾನೆ ಎಂಬುದನ್ನು. ಭೂತಕಾಲಕ್ಕೆ ಸಾಮಾನ್ಯವಾಗಿ ಲುಙ್. ಇಂದಿನದಲ್ಲದ ಭೂತಕ್ಕೆ ಲಙ್. ಇಂದಿನದೂ ಅಲ್ಲದೆ, ಹೇಳುವವನು ಕಣ್ಣಾರೆ ಕಂಡದ್ದೂ ಅಲ್ಲದಿದ್ದರೆ ಲಿಟ್. ಹಾಗಾದರೆ ಉತ್ತಮಪುರುಷದಲ್ಲಿ ಲಿಟ್ ಬರುವುದಾದರೂ ಹೇಗೆ, ತಾನು ಮಾಡಿದ್ದು ತನಗೇ ಪರೋಕ್ಷವಾಗುವುದುಂಟೇ ಎಂಬ ಶಂಕೆ ಸಹಜ. ಇದಕ್ಕೆ ಪಾಣಿನಿಯ ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿ ಕೊಡುವ ಉದಾಹರಣೆ ‘ಸುಪ್ತೋಽಹಂ ಕಿಲ ವಿಲಲಾಪ’, ಅಂದರೆ ‘ನಿದ್ದೆಯಲ್ಲಿ ನಾನು ಏನೇನೋ ಬಡಬಡಿಸಿದೆನಂತೆ’ ಎಂದು. ಕನ್ನಡದ ‘ಅಂತೆ’ ಇಲ್ಲಿ ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ. ಪರೋಕ್ಷವೆಂಬ ಅರ್ಥಛಾಯೆ ಕನ್ನಡಿಗರಿಗೆ ಅಪರಿಚಿತವಲ್ಲ. ಸೀಸರ್ ತಾನೇ ಎಚ್ಚರದಲ್ಲಿ ನಿಂತು ಗೆದ್ದ ಯುದ್ಧಕ್ಕೆ ಲಿಟ್ ಸಲ್ಲದು. ‘ಆಗಚ್ಛಮ್, ಅಪಶ್ಯಮ್, ಅಜಯಮ್’ ಎಂಬ ಲಙ್ ರೂಪಗಳೇ ಸರಿ, ಯುದ್ಧ ಮುಗಿದ ದಿನವೇ ಆಡಿದ ಮಾತಾದರೆ ಲುಙ್ ಸರಿ.

ಇನ್ನು ಸಂಸ್ಕೃತದ ವಾಕ್ಯವೊಂದನ್ನು ಲ್ಯಾಟಿನ್ನಿಗೆ ಒಯ್ದು ನೋಡೋಣ. ಕ್ರಿ.ಪೂ. 2ನೆಯ ಶತಮಾನದ ಪತಂಜಲಿ ಪಾಣಿನಿಯ ವ್ಯಾಕರಣವನ್ನು ಚರ್ಚಿಸುವ ತನ್ನ ಮಹಾಭಾಷ್ಯದಲ್ಲಿ ‘ಅರುಣದ್ ಯವನಃ ಸಾಕೇತಮ್’ ಎಂಬ ಉದಾಹರಣೆಯನ್ನು ಕೊಡುತ್ತಾನೆ: ಯವನನು (ಗ್ರೀಕನು) ಸಾಕೇತವನ್ನು, ಎಂದರೆ ಅಯೋಧ್ಯೆಯನ್ನು, ಮುತ್ತಿದನು. ಹೇಳುವವನು ಆ ಮುತ್ತಿಗೆಯನ್ನು ನೋಡಿರದಿದ್ದರೂ ಅದು ಲೋಕಪ್ರಸಿದ್ಧವಾಗಿದ್ದು, ಮನಸ್ಸು ಮಾಡಿದ್ದರೆ ಅವನು ನೋಡಬಹುದಾಗಿದ್ದ ಕಾಲದ್ದಾದರೆ, ಲಿಟ್ ಬೇಡ, ಲಙ್ ಇರಲಿ ಎಂಬ ವಾರ್ತಿಕಕ್ಕೆ, ಎಂದರೆ ಸೂತ್ರಕ್ಕೆ ಸೇರಿಸಿದ ಪೂರಕ ನಿಯಮಕ್ಕೆ, ಇದು ನಿದರ್ಶನ. ಅದೇ ಜಾಗದಲ್ಲಿ ಕಂಸವಧೆಗೆ ಮಾತ್ರ ‘ಜಘಾನ ಕಂಸಂ ಕಿಲ ವಾಸುದೇವಃ’ ಎಂದು ಲಿಟ್ ಬಂದಿದೆ, ಏಕೆಂದರೆ ಅದು ಎಷ್ಟೇ ಪ್ರಸಿದ್ಧವಾದರೂ ಹೇಳುವವನ ಕಣ್ಣಿನ ಅಳವಿಗೆ ಸಿಗದಷ್ಟು ಹಳೆಯದು. ಒಂದು ಲಕಾರದ ಆಯ್ಕೆಯೇ ಗ್ರಂಥಕಾರನ ಕಾಲವನ್ನು ಸೂಚಿಸುವಷ್ಟು ಸೂಕ್ಷ್ಮವಾದದ್ದು. ಪತಂಜಲಿಯ ಕಾಲನಿರ್ಣಯಕ್ಕೆ ವಿದ್ವಾಂಸರು ಈ ಮುತ್ತಿಗೆಯ ವಾಕ್ಯವನ್ನು ಆಧಾರವಾಗಿ ಹಿಡಿದದ್ದು ಇದರಿಂದಲೇ.

ಆದರೆ ಆ ಮುತ್ತಿಗೆ ಕೊನೆಗೊಂಡಿತೇ, ಅಥವಾ ನಡೆಯುತ್ತಲೇ ಇತ್ತೇ? ‘ಅರುಣತ್’ ಅದನ್ನು ಹೇಳುವುದಿಲ್ಲ. ಲ್ಯಾಟಿನ್ ಅದನ್ನು ಹೇಳದೆ ಬಿಡುವುದಿಲ್ಲ. ‘ಒಬ್ಸಿದೇಬತ್’ ಎಂಬ ಇಂಪರ್ಫೆಕ್ಟ್ ರೂಪಕ್ಕೆ ‘ಮುತ್ತಿಗೆ ಹಾಕಿ ಕುಳಿತಿದ್ದನು’ ಎಂದರ್ಥ; ‘ಒಬ್ಸೇದಿತ್’ ಎಂಬ ಪರ್ಫೆಕ್ಟ್ ರೂಪ ಮುತ್ತಿಗೆಯನ್ನು ಮುಗಿದ ಒಂದು ಘಟನೆಯಾಗಿ ಮುಂದಿಡುತ್ತದೆ. ಲ್ಯಾಟಿನ್ ಬರೆಯುವವನು ಎರಡರಲ್ಲಿ ಒಂದನ್ನು ಆರಿಸಲೇಬೇಕು. ಇಂಪರ್ಫೆಕ್ಟ್ ಕೆಲವೊಮ್ಮೆ ಕೈಗೂಡದ ಯತ್ನವನ್ನೂ ಸೂಚಿಸುತ್ತದೆ: ‘ದೆದಿತ್’ ಎಂದರೆ ಕೊಟ್ಟನು, ‘ದಬತ್’ ಎಂದರೆ ಕೊಡುತ್ತಿದ್ದನು, ಸಂದರ್ಭ ಒಪ್ಪಿದರೆ ಕೊಡಲು ಬಂದಿದ್ದನು. ಪರ್ಫೆಕ್ಟಿನ ಮುಕ್ತಾಯದ ಅರ್ಥವಂತೂ ಬಹಳ ಕಠೋರವಾಗಬಲ್ಲದು. ಕ್ರಿ.ಪೂ. 63ರಲ್ಲಿ ರೋಮಿನ ಆಳ್ವಿಕೆಯ ವಿರುದ್ಧ ಸಂಚು ಹೂಡಿದ ಕ್ಯಾಟಿಲೈನ್‌ನ ಪಿತೂರಿಗಾರರಿಗೆ ಮರಣದಂಡನೆಯಾದ ಬಳಿಕ ಆ ವರ್ಷದ ಕಾನ್ಸಲ್ (ಅತ್ಯುನ್ನತ ಅಧಿಕಾರಿ) ಆಗಿದ್ದ ಸಿಸೆರೊ ಹೊರಗೆ ನೆರೆದವರಿಗೆ ‘ವಿಕ್ಸೇರುಂತ್’ ಎಂದಷ್ಟೇ ಸಾರಿದನೆನ್ನುತ್ತಾರೆ. ‘ಅವರು ಬಾಳಿದರು’ ಎಂದು ಅಕ್ಷರಾರ್ಥ; ಬಾಳುವುದು ಮುಗಿಯಿತು, ಅವರು ಈಗಿಲ್ಲ ಎಂದು ಭಾವ. ಸಂಸ್ಕೃತದ ‘ಜಿಜೀವುಃ’ ಈ ಭಾರವನ್ನು ಹೊರಲಾರದು.

ಹಾಗಿದ್ದೂ ಹೆಸರುಗಳು ಒಂದೇ ಆದದ್ದು ಏಕೆ? ರೂಪಗಳು ನಿಜಕ್ಕೂ ಜ್ಞಾತಿಗಳಾದ್ದರಿಂದ. ‘ಕೊಟ್ಟೆ’ ಎಂಬರ್ಥದ ‘ದೆದೀ’ಯಲ್ಲಿನ ದ್ವಿತ್ವ, ಎಂದರೆ ಧಾತುವಿನ ಮೊದಲ ಅಕ್ಷರದ ಪುನರಾವೃತ್ತಿ, ‘ದದೌ’ ಎಂಬಲ್ಲಿನ ದ್ವಿತ್ವವೇ. ಆದರೆ ‘ಹೇಳಿದೆ’ ಎಂಬರ್ಥದ ‘ದೀಕ್ಸೀ’ಯಲ್ಲಿ ಕಾಣುವ ಸಕಾರ ಲಿಟ್‌ನದಲ್ಲ, ದಿಶ್ ಧಾತುವಿನ ‘ಅದಿಕ್ಷತ್’ ಎಂಬಂಥ ಲುಙ್ ರೂಪಗಳದು. ಲ್ಯಾಟಿನ್ನಿನಲ್ಲಿ ಹಳೆಯ ಲಿಟ್ ಮತ್ತು ಲುಙ್ ಬೆರೆತು ಒಂದೇ ಪರ್ಫೆಕ್ಟ್ ಆದುವು. ಆದ್ದರಿಂದಲೇ ‘ವೀದೀ’ ಎಂಬುದಕ್ಕೆ ಕಂಡೆ ಎಂಬ ಅರ್ಥವೂ ಕಂಡಿದ್ದೇನೆ ಎಂಬ ಅರ್ಥವೂ ಇವೆ. ಲ್ಯಾಟಿನ್ನಿನ ಇಂಪರ್ಫೆಕ್ಟಿನ ‘ಬ’ಕಾರವಾದರೋ ಅಲ್ಲಿಯೇ ಹೊಸದಾಗಿ ಬೆಳೆದದ್ದು, ಲಙ್‌ಗೂ ಅದಕ್ಕೂ ರೂಪದ ನಂಟಿಲ್ಲ.

ನನಗೆ ಅತ್ಯಂತ ಪ್ರಿಯವಾದ ಜೋಡಿ ‘ಇರು’ ಎಂಬರ್ಥದ ಕ್ರಿಯಾಪದ. ಲ್ಯಾಟಿನ್ನಿನ ‘ಎಸ್ತ್’, ‘ಸುಂತ್’ ನಮ್ಮ ‘ಅಸ್ತಿ’, ‘ಸಂತಿ’ಗಳೇ, ಪರ್ಫೆಕ್ಟಿಗೆ ಬಂದಾಗ ಮಾತ್ರ ಆ ಭಾಷೆ ಧಾತುವನ್ನೇ ಬದಲಿಸಿ ‘ಫುಯಿತ್’ ಎನ್ನುತ್ತದೆ, ಅದು ‘ಬಭೂವ’ದ ಭೂ ಧಾತು. ಸಂಸ್ಕೃತದಲ್ಲಿಯೂ ಆರ್ಧಧಾತುಕವೆಂಬ ವರ್ಗದ ಪ್ರತ್ಯಯಗಳ (ಲಿಟ್‌ನವೂ ಇದಕ್ಕೆ ಸೇರಿವೆ) ಮುಂದೆ ಅಸ್ ಧಾತುವಿಗೆ ಭೂ ಆದೇಶವಾಗಬೇಕೆಂದು ‘ಅಸ್ತೇರ್ಭೂಃ’ ಎಂಬ ಸೂತ್ರ ವಿಧಿಸುತ್ತದೆ. ಅರ್ಥವೂ ರೂಪವೂ ಒಟ್ಟಿಗೆ ಉಳಿದುಕೊಂಡ ಎಡೆಯೂ ಒಂದುಂಟು: ‘ವೇದ’ ಎಂಬ ಲಿಟ್ ರೂಪ ವರ್ತಮಾನದಲ್ಲಿ ‘ಬಲ್ಲೆ, ಬಲ್ಲನು’ ಎಂದಾಗುವಂತೆ ಲ್ಯಾಟಿನ್ನಿನ ‘ನೋವೀ’ ಪರ್ಫೆಕ್ಟ್ ಆಗಿದ್ದೂ ‘ಬಲ್ಲೆ’ ಎಂದಾಗುತ್ತದೆ. ಅರಿತದ್ದರ ಫಲವೇ ಬಲ್ಲತನ.

ಆತ್ಮನೇಪದದ ಪ್ರಶ್ನೆಗೆ ಉತ್ತರ ಚಿಕ್ಕದು. ಕ್ರಿಯೆಯ ಫಲ ಕರ್ತೃವಿಗೇ ಸಲ್ಲುವಾಗ ಉಭಯಪದಿ ಧಾತುಗಳಿಗೆ, ಎಂದರೆ ಪರಸ್ಮೈಪದ, ಆತ್ಮನೇಪದ ಎಂಬ ಎರಡು ಬಗೆಯ ಪ್ರತ್ಯಯಗಳನ್ನೂ ಪಡೆಯುವ ಧಾತುಗಳಿಗೆ, ಆತ್ಮನೇಪದ ಬರುತ್ತದೆ: ತನಗಾಗಿ ಯಜ್ಞ ಮಾಡಿಸುವ ಯಜಮಾನ ‘ಯಜತೇ’, ಅವನಿಗಾಗಿ ಮಾಡುವ ಋತ್ವಿಜ ‘ಯಜತಿ’. ಕನ್ನಡದಲ್ಲಿ ಅಡುಗೆ ಮಾಡುವುದಕ್ಕೂ ಮಾಡಿಕೊಳ್ಳುವುದಕ್ಕೂ ಇರುವ ಭೇದ ಇದಕ್ಕೆ ಬಹಳ ಹತ್ತಿರ. ಹೀಗೆ ಒಂದೇ ಧಾತುವಿನಲ್ಲಿ ಆಯ್ಕೆ ಮಾಡುವ ಸ್ವಾತಂತ್ರ್ಯ ಲ್ಯಾಟಿನ್ನಿನಲ್ಲಿ ಉಳಿದಿಲ್ಲ. ಉಳಿದಿರುವುದು ‘ಡಿಪೋನೆಂಟ್’ ಎಂಬ ಗುಂಪು, ಕರ್ಮಣಿಯ ರೂಪವಿದ್ದೂ ಕರ್ತರಿ ಅರ್ಥ ಕೊಡುವ ಕ್ರಿಯಾಪದಗಳು. ‘ಹಿಂಬಾಲಿಸುತ್ತಾನೆ’ ಎಂಬ ‘ಸೆಕ್ವಿತುರ್’ ವೇದಭಾಷೆಯ ‘ಸಚತೇ’ಗೆ, ‘ಸಾಯುತ್ತಾನೆ’ ಎಂಬ ‘ಮೊರಿತುರ್’ ನಮ್ಮ ‘ಮ್ರಿಯತೇ’ಗೆ ಸೋದರ ರೂಪಗಳು. ಇವನ್ನು ನಿತ್ಯ ಆತ್ಮನೇಪದಿಗಳೆಂದು ಗುರುತು ಮಾಡಿಕೊಳ್ಳಲು ಅಡ್ಡಿಯಿಲ್ಲ. ಆದರೆ ಮೃ ಧಾತು ಲಿಟ್‌ನಲ್ಲಿ ‘ಮಮಾರ’ ಎಂದು ಪರಸ್ಮೈಪದಕ್ಕೆ ಹೊರಳುತ್ತದೆ, ಲ್ಯಾಟಿನ್ ಕ್ರಿಯಾಪದ ಪರ್ಫೆಕ್ಟಿನಲ್ಲಿಯೂ ‘ಮೊರ್ತುಉಸ್ ಎಸ್ತ್’ ಎಂದು ಕರ್ಮಣಿಯ ಅಚ್ಚಿನಲ್ಲಿಯೇ ನಿಲ್ಲುತ್ತದೆ ಎಂಬುದನ್ನು ಅದರ ಪಕ್ಕದಲ್ಲಿಯೇ ಬರೆದುಕೊಳ್ಳಿ.