‘ಸೊಲಾರಿಸ್’ ಎರಡನೇ ಅಧ್ಯಾಯದಲ್ಲೇ ನಿಂತುಹೋಗುತ್ತಿದೆ. ಮುಂದೆ ಓದುವುದು ಹೇಗೆ?

ಮಡಿಕೇರಿಯ ಮಳೆಗಾಲದಲ್ಲಿ ಸ್ತಾನಿಸ್ಲಾವ್ ಲೆಮ್ ಅವರ ಈ ಕಾದಂಬರಿ ಹಿಡಿದು ಕೂತಿದ್ದೀರಿ, ಎರಡು ಸಲವೂ ಎರಡನೇ ಅಧ್ಯಾಯ ದಾಟಲಿಲ್ಲ, ಅಲ್ಲಿಂದ ಕತೆಯೇ ಕಾಣೆಯಾಗುತ್ತದೆ ಎಂದಿದ್ದೀರಿ. ಬಹಳ ಜನ ನಿಲ್ಲುವುದು ಅಲ್ಲೇ. ಆದರೆ ಕತೆ ಕಾಣೆಯಾಗಿಲ್ಲ, ವೇಷ ಬದಲಿಸಿದೆ ಅಷ್ಟೆ.

ಮೊದಲು ಅನುವಾದ ಯಾವುದೆಂದು ನೋಡಿಕೊಳ್ಳಿ. ಮೂಲ ಪೋಲಿಷ್, 1961ರದು. ಪಾತ್ರಗಳ ಹೆಸರು ರೇಯಾ, ಸ್ನೋ ಎಂದಿದ್ದರೆ ನಿಮ್ಮ ಕೈಲಿರುವುದು 1970ರ ಇಂಗ್ಲಿಷ್ ಅನುವಾದ. ಅದು ಫ್ರೆಂಚ್ ಮೂಲಕ ಸುತ್ತಿ ಬಂದದ್ದು. ಹಾರೇ, ಸ್ನೌಟ್ ಎಂದಿದ್ದರೆ 2011ರಲ್ಲಿ ಬಿಲ್ ಜಾನ್‌ಸ್ಟನ್ ಪೋಲಿಷ್‌ನಿಂದ ನೇರವಾಗಿ ಮಾಡಿದ್ದು. ಎರಡನೆಯದನ್ನೇ ಓದಿ. ಇ-ಪುಸ್ತಕವಾಗಿ ಬಂದಿದೆ; ಮಳೆಗೆ ಕರೆಂಟ್ ಹೋಗುವ ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳಿ.

ಒಟ್ಟು 14 ಅಧ್ಯಾಯ. ಮೊದಲನೆಯದನ್ನು ಒಂದೇ ಪಟ್ಟಿಗೆ ಮುಗಿಸಿ. ಸೊಲಾರಿಸ್ ಗ್ರಹದ ಸಂಶೋಧನಾ ನಿಲ್ದಾಣಕ್ಕೆ ಬಂದಿಳಿದ ಮನಶ್ಶಾಸ್ತ್ರಜ್ಞ ಕೆಲ್ವಿನ್‌ಗೆ ಯಾರೂ ಸರಿಯಾಗಿ ಬಾಯಿ ಬಿಡುವುದಿಲ್ಲ. ಆ ಗಾಬರಿ ನಿಮಗೂ ಹತ್ತಬೇಕು. ಎರಡನೆಯದರಲ್ಲಿ ವಿಜ್ಞಾನಿಗಳು, ವಾದಗಳು, ಗ್ರಂಥಗಳು ಸಾಲುಗಟ್ಟಿ ಬರುತ್ತವೆ. ಪರೀಕ್ಷೆಗೆ ಓದುವ ಹಾಗೆ ಅವನ್ನೆಲ್ಲ ತಲೆಯಲ್ಲಿ ತುಂಬಿಕೊಳ್ಳಲು ಹೋದರೆ ಸುಸ್ತಾಗುತ್ತದೆ. ನಾಲ್ಕು ಸಂಗತಿ ಸಾಕು: ಗ್ರಹಕ್ಕೆ ಎರಡು ಸೂರ್ಯರು, ಲೆಕ್ಕದ ಪ್ರಕಾರ ಅದರ ಕಕ್ಷೆ ಸ್ಥಿರವಾಗಿ ಉಳಿಯಬಾರದಿತ್ತು, ಅಲ್ಲಿನ ಸಮುದ್ರವೇ ಅದನ್ನು ಹಿಡಿದಿಟ್ಟಿದೆ, ಆ ಸಮುದ್ರ ಏನೆಂಬುದರಲ್ಲಿ ಮನುಷ್ಯರಿಗೆ ಒಮ್ಮತವಿಲ್ಲ. ಉಳಿದದ್ದನ್ನು ಬೇಗ ಓದಿ ದಾಟಿಬಿಡಿ.

ಮೂರನೇ ಅಧ್ಯಾಯದಿಂದ ಒಂದು ನೋಟ್‌ಬುಕ್ ಬೇಕು. ಎಡಪುಟದಲ್ಲಿ ಕೆಲ್ವಿನ್ ಕಂಡದ್ದು, ಬಲಪುಟದಲ್ಲಿ ಅದಕ್ಕೆ ಅವನು ಕೊಟ್ಟುಕೊಳ್ಳುವ ವಿವರಣೆ. ಅಧ್ಯಾಯಕ್ಕೆ ನಾಲ್ಕೈದು ಸಾಲು, ಹೆಚ್ಚು ಬೇಡ. ಕಾದಂಬರಿಯ ಮನಶ್ಶಾಸ್ತ್ರವೆಲ್ಲ ಈ ಎರಡು ಪುಟಗಳ ನಡುವಿನ ಬಿರುಕಿನಲ್ಲಿದೆ. ಐದನೇ ಅಧ್ಯಾಯ ನೋಡಿ: ಹತ್ತು ವರ್ಷದ ಹಿಂದೆ ಸತ್ತ ಅವನ ಸಂಗಾತಿ ಹಾರೇ ಬಂದು ಕೂತಿದ್ದಾಳೆ. ಅವಳ ಉಡುಪಿನ ಗುಂಡಿಗಳು ಬರೀ ಅಲಂಕಾರಕ್ಕೆ. ಬಿಚ್ಚಲು ಎಲ್ಲೂ ಜಾಗವಿಲ್ಲ, ಕತ್ತರಿಸಿಯೇ ತೆಗೆಯಬೇಕು. ಕೆಲ್ವಿನ್‌ಗೆ ಆ ಉಡುಪಿನ ಅಂದ ನೆನಪಿತ್ತು, ಅದನ್ನು ಬಿಚ್ಚುವ ಬಗೆ ನೆನಪಿರಲಿಲ್ಲ, ಅದಕ್ಕೇ ಹೀಗೆ ಎಂಬುದು ನನ್ನ ಓದು. ಅವಳು ಹಾರೇ ಅಲ್ಲ, ಅವನೊಳಗೆ ಉಳಿದಿದ್ದಷ್ಟು ಹಾರೇ. ಎಷ್ಟು ಸಣ್ಣ ವಿವರ, ಎಷ್ಟು ಕ್ರೂರ! ಆತುರದಲ್ಲಿ ಓದಿದರೆ ಇಂಥವೇ ಕೈತಪ್ಪುವುದು.

ಎಂಟನೇ ಅಧ್ಯಾಯ ಇನ್ನೊಂದು ಕಡಿದಾದ ಏರು. ಸಮುದ್ರ ಎಬ್ಬಿಸುವ ಆಕಾರಗಳ ವರ್ಣನೆಯೇ ಪುಟಗಟ್ಟಲೆ. ದಯವಿಟ್ಟು ಹಾರಿಸಬೇಡಿ, ಹಗಲು ಹೊತ್ತು ನಿಧಾನವಾಗಿ ಓದಿ. ರಾಜಾಸೀಟಿನಲ್ಲಿ ನಿಂತು ಕಣಿವೆಯ ಮಂಜು ಗುಡ್ಡದಂತೆ ಎದ್ದು, ಒಡೆದು, ಮತ್ತೆ ಮಟ್ಟವಾಗುವುದನ್ನು ನೋಡಿದ್ದೀರಲ್ಲ, ಅದರಿಂದಲೇ ಶುರುಮಾಡಿ. ವ್ಯತ್ಯಾಸ ಇಷ್ಟೇ: ಇಲ್ಲಿ ಏಳುವ ‘ಮಿಮಾಯ್ಡ್’ ತನ್ನ ಹೊರಗಿರುವ ವಸ್ತುಗಳ ಆಕಾರವನ್ನು ನಕಲು ಮಾಡುತ್ತದೆ. ಈಗ ಐದನೇ ಅಧ್ಯಾಯಕ್ಕೆ ಬರೆದುಕೊಂಡ ಎಡಪುಟ ತಿರುಗಿಸಿ. ಹೊರಗೆ ವಸ್ತುವಿನ ನಕಲು, ಕೋಣೆಯೊಳಗೆ ನೆನಪಿನ ನಕಲು. ಬೇಸರ ತರಿಸಿದ ವರ್ಣನೆ ಹಾರೇಯ ಕತೆಗೇ ಬಂದು ಕೂಡುತ್ತದೆ. ಅದಾದ ಮೇಲೆ ಎರಡನೇ ಅಧ್ಯಾಯವನ್ನು ಮತ್ತೊಮ್ಮೆ ಓದಿ, ಆಗ ಅದು ಬೇರೆಯೇ ಆಗಿ ಕಾಣುತ್ತದೆ.

ವೇಗದ ಲೆಕ್ಕ ಬೇಕಿದ್ದರೆ, ದಿನಕ್ಕೆ ಒಂದೇ ಅಧ್ಯಾಯ. 9 ಮತ್ತು 10ನ್ನು ಮಾತ್ರ ಬೆನ್ನಿಗೇ ಓದಿ. 13 ಮುಗಿದ ರಾತ್ರಿ ಪುಸ್ತಕ ಮುಚ್ಚಿಡಿ, 14ನೆಯದು ಮರುದಿನಕ್ಕಿರಲಿ.

ಇದೇ ಕಾದಂಬರಿ ಆಧರಿಸಿ ರಷ್ಯನ್ ನಿರ್ದೇಶಕ ತರ್ಕೋವ್‌ಸ್ಕಿ ಮಾಡಿದ 1972ರ ಸಿನಿಮಾ ಮೊದಲೇ ನೋಡಬೇಡಿ. ಅದು ಭೂಮಿಯ ಮೇಲೆ, ಮನೆ ಮತ್ತು ಕೆರೆಯ ಪಕ್ಕ ಶುರುವಾಗುತ್ತದೆ. ಪುಸ್ತಕ ನೇರ ಬಾಹ್ಯಾಕಾಶದಲ್ಲಿ ಶುರುವಾಗುತ್ತದೆ. ಸಿನಿಮಾದ ಮುಖಗಳು ಒಮ್ಮೆ ತಲೆಯಲ್ಲಿ ಕೂತರೆ ಲೆಮ್ ಬರೆದ ಸಮುದ್ರಕ್ಕೆ ಜಾಗ ಉಳಿಯುವುದಿಲ್ಲ.